ಬಫರ್‌ಗೆ ಬಿಸಿ547 ಸಾಕಾ, 2ಎಸ್‌ಕೆ170 ತರಿಸಬೇಕಾ?

ಬದಿಯಡ್ಕದ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ನಮ್ಮಲ್ಲಿ ಯಕ್ಷಗಾನದ ಹಳೆಯ ಕ್ಯಾಸೆಟ್‌ಗಳು ರಾಶಿ ಇವೆ. ಡೆಕ್ ಒಳಕೋಣೆಯಲ್ಲಿ, ಆಂಪ್ಲಿಫೈಯರ್ ಚಾವಡಿಯಲ್ಲಿ. ನಡುವೆ 10 ಮೀಟರ್ ವಯರು. ಡೆಕ್ ಪಕ್ಕದಲ್ಲೇ 100 ಕೆ (ಕಿಲೋಓಮ್) ವಾಲ್ಯೂಮ್ ಕಂಟ್ರೋಲ್ ಹಾಕಿದ್ದೇನೆ. ಭಾಗವತರ ಸ್ವರ ಸರಿ ಇದೆ, ಚಕ್ರತಾಳ ಮಾತ್ರ ಮಂಕು. ಬಫರ್ ಕಟ್ಟು ಅಂದರು. ಅದಕ್ಕೆ ಬಿಸಿ547 ಸಾಕಾ, 2ಎಸ್‌ಕೆ170 ತರಿಸಬೇಕಾ?"

ಬಫರ್ ಅಂದರೆ ಉದ್ದದ ವಯರಿಗೆ ಸಿಗ್ನಲನ್ನು ತಳ್ಳಿಕೊಡುವ ಸಣ್ಣ ಸರ್ಕ್ಯೂಟ್. ಅದಕ್ಕೆ ಬಿಸಿ547 ಅನ್ನುವ ಮಾಮೂಲಿ ಟ್ರಾನ್ಸಿಸ್ಟರ್ ಸಾಕು. ಸಿ ಅಕ್ಷರ ಇರುವುದು ಸಿಕ್ಕಿದರೆ ಒಳ್ಳೆಯದು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಲೆಕ್ಕ ಬರುತ್ತದೆ.

ನಿಮ್ಮ ಊರಿನ ಸುರಂಗವನ್ನೇ ನೆನೆಯಿರಿ. ಸುರಂಗದಿಂದ ಬರುವ ನೀರು ಬೆರಳು ಗಾತ್ರ. ಅದನ್ನು ನೇರವಾಗಿ ಉದ್ದದ ಪೈಪಿಗೆ ಬಿಟ್ಟರೆ ಮೊದಲು ಪೈಪು ತುಂಬಬೇಕು, ಆಮೇಲೆ ತೋಟಕ್ಕೆ. ಆಡಿಯೋ ವಯರೂ ಹಾಗೆಯೇ. ಶೀಲ್ಡ್ ಇರುವ ವಯರಿಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. 10 ಮೀಟರಿಗೆ 1000. ನಿಮ್ಮ 100 ಕೆ ಕಂಟ್ರೋಲ್ ನಡುವಿನಲ್ಲಿದ್ದಾಗ ಅದರ ಔಟ್‌ಪುಟ್ ರೆಸಿಸ್ಟೆನ್ಸ್ 25 ಕೆ. ಎರಡೂ ಸೇರಿದರೆ ಸುಮಾರು 6,400 ಹರ್ಟ್ಸ್‌ನಲ್ಲಿ ಸಿಗ್ನಲ್ 3 ಡೆಸಿಬೆಲ್ ಇಳಿದಿರುತ್ತದೆ, ಅಲ್ಲಿಂದ ಮೇಲೆ ಇನ್ನೂ ಜಾಸ್ತಿ. ಭಾಗವತರ ಸ್ವರ ಇದರ ಕೆಳಗೇ ಮುಗಿಯುತ್ತದೆ. ಚಕ್ರತಾಳದ ಝಣಝಣ ಇರುವುದು ಇದರ ಮೇಲೆ.

ಬಫರ್ ಸಿಗ್ನಲನ್ನು ದೊಡ್ಡದು ಮಾಡುವುದಿಲ್ಲ. ಒಂದು ವೋಲ್ಟ್ ಒಳಗೆ ಹೋದರೆ ಒಂದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಹೊರಗೆ ಬರುತ್ತದೆ. ಆದರೆ ವಯರನ್ನು ತುಂಬಿಸುವ ತಾಕತ್ತು ಅದಕ್ಕಿದೆ. ಹಾಗಾಗಿ ಅದು ಇರಬೇಕಾದದ್ದು ಡೆಕ್ಕಿನ ಕಡೆ, ವಾಲ್ಯೂಮ್ ಕಂಟ್ರೋಲ್ ಆದ ಕೂಡಲೇ. ತುಂಬಾ ಜನ ಆಂಪ್ಲಿಫೈಯರ್ ಡಬ್ಬದೊಳಗೆ ಜಾಗ ಇದೆ ಅಂತ ಅಲ್ಲಿ ಕೂರಿಸುತ್ತಾರೆ. ಏನೂ ಉಪಯೋಗವಿಲ್ಲ, ಆಗಬೇಕಾದ ಹಾಳು ವಯರಲ್ಲೇ ಆಗಿ ಹೋಗಿರುತ್ತದೆ.

ಸರ್ಕ್ಯೂಟ್ ಇಷ್ಟೇ. ಟ್ರಾನ್ಸಿಸ್ಟರಿಗೆ ಮೂರು ಕಾಲು: ಬೇಸ್, ಕಲೆಕ್ಟರ್, ಎಮಿಟರ್. 12 ವೋಲ್ಟ್ ಸಪ್ಲೈ. ಪ್ಲಸ್‌ನಿಂದ ಬೇಸ್‌ಗೆ 220 ಕೆ, ಬೇಸ್‌ನಿಂದ ಗ್ರೌಂಡಿಗೆ ಇನ್ನೊಂದು 220 ಕೆ. ಕಲೆಕ್ಟರ್ ನೇರ ಪ್ಲಸ್‌ಗೆ. ಎಮಿಟರ್‌ನಿಂದ ಗ್ರೌಂಡಿಗೆ 2.2 ಕೆ. ಒಳಬರುವ ದಾರಿಯಲ್ಲಿ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್. ಎಮಿಟರ್‌ನಿಂದ ಹೊರಗೆ 10 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್, ಅದರ ಪ್ಲಸ್ ಎಮಿಟರ್ ಕಡೆಗೆ. ಕೆಪಾಸಿಟರ್ ದಾಟಿದ ಮೇಲೆ ಗ್ರೌಂಡಿಗೆ 100 ಕೆ. ಅದಿಲ್ಲದಿದ್ದರೆ ಪ್ಲಗ್ ಹಾಕುವಾಗ ಸ್ಪೀಕರ್ 'ಧಡ್' ಅನ್ನುತ್ತದೆ. ಕೊನೆಗೆ ವಯರಿಗೆ ಹೋಗುವ ದಾರಿಯಲ್ಲಿ 100 ಓಮ್. ಅದನ್ನು ಬಿಡಬೇಡಿ, ಉದ್ದದ ವಯರು ನೇರ ಎಮಿಟರಿಗೆ ಕೂತರೆ ಬಫರ್ ತಾನೇ ಕೂಗಲು ಶುರು ಮಾಡಬಹುದು. ಸ್ಟೀರಿಯೋಗೆ ಇಂಥದ್ದು ಎರಡು.

ಇನ್ನು ಟ್ರಾನ್ಸಿಸ್ಟರ್. ಬಿಸಿ547ರಲ್ಲಿ ಎ, ಬಿ, ಸಿ ಅಂತ ಮೂರು ಗುಂಪು. ಎ ಅಂದರೆ ಗೇನ್ (ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರಿನಲ್ಲಿ ಹರಿಯುತ್ತದೆ ಅನ್ನುವ ಲೆಕ್ಕ) 110ರಿಂದ 220, ಬಿ 200ರಿಂದ 450, ಸಿ 420ರಿಂದ 800. ಗೇನ್ 400 ಅಂತ ಇಟ್ಟುಕೊಂಡರೆ, ಆ 100 ಓಮ್ ಸೇರಿಸಿಯೂ ಬಫರಿನ ಔಟ್‌ಪುಟ್ ರೆಸಿಸ್ಟೆನ್ಸ್ 200 ಓಮ್ ದಾಟುವುದಿಲ್ಲ. ಮೊದಲು 6,400 ಹರ್ಟ್ಸ್‌ಗೆ ಇಳಿಯುತ್ತಿದ್ದದ್ದು ಈಗ ಸುಮಾರು 9 ಲಕ್ಷಕ್ಕೆ. ಗೇನ್ 110 ಇರುವ ಬಡಪಾಯಿ ಹಾಕಿದರೂ 4 ಲಕ್ಷಕ್ಕಿಂತ ಮೇಲೆ. ನಮ್ಮ ಕಿವಿ 20,000ಕ್ಕೆ ನಿಲ್ಲುತ್ತದೆ, ಅಲ್ವಾ?

ಹಾಗಾದರೆ ಸಿ ಯಾಕೆ? ಬಯಾಸ್‌ಗಾಗಿ, ಅಂದರೆ ಸಿಗ್ನಲ್ ಇಲ್ಲದಾಗಲೂ ಟ್ರಾನ್ಸಿಸ್ಟರಿನಲ್ಲಿ ನಿಂತಿರಬೇಕಾದ ವೋಲ್ಟೇಜಿಗಾಗಿ. ಗೇನ್ ಕಡಿಮೆ ಇದ್ದಷ್ಟೂ ಬೇಸ್ ಜಾಸ್ತಿ ಕರೆಂಟ್ ಎಳೆಯುತ್ತದೆ, 220 ಕೆ ರೆಸಿಸ್ಟರ್‌ಗಳಲ್ಲಿ ವೋಲ್ಟೇಜ್ ಕುಸಿಯುತ್ತದೆ. ಸಿ ಹಾಕಿದರೆ ಎಮಿಟರಿನಲ್ಲಿ ಸುಮಾರು 4.8 ವೋಲ್ಟ್. ಗೇನ್ 110 ಆದರೆ 3.7. ಆಗ ದೊಡ್ಡ ಸಿಗ್ನಲಿನ ಕೆಳಗಿನ ಅರ್ಧ ಬೇಗ ಕತ್ತರಿಸುತ್ತದೆ. ಎ ಮಾತ್ರ ಸಿಕ್ಕಿದರೆ ಎರಡೂ 220 ಕೆ ತೆಗೆದು 100 ಕೆ ಹಾಕಿ, ಮುಗಿಯಿತು. ಬಿಸಿ549, ಬಿಸಿ550 ಕಡಿಮೆ ನಾಯ್ಸ್‌ನವು. ಮೈಕಿನ ಸಣ್ಣ ಸಿಗ್ನಲಿಗೆ ಅದು ಬೇಕು. ಡೆಕ್ಕಿನಿಂದ ಬರುವ ಲೈನ್ ಸಿಗ್ನಲಿಗೆ ವ್ಯತ್ಯಾಸ ಕೇಳುವುದಿಲ್ಲ, ಕ್ಯಾಸೆಟ್ಟಿನ 'ಸ್ಸ್' ಅದಕ್ಕಿಂತ ಎಷ್ಟೋ ದೊಡ್ಡದು. ರೇಡಿಯೋ ರಿಪೇರಿಯವರ ಡಬ್ಬದಲ್ಲಿ ಬಿಇಎಲ್ ಮುದ್ರೆಯ ಹಳೆ ಬಿಸಿ148 ಸಿಕ್ಕಿದರೆ ಅದೂ ನಡೆಯುತ್ತದೆ.

ಕಾಲುಗಳ ವಿಷಯದಲ್ಲಿ ಮಾತ್ರ ಹುಷಾರು. ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ: ಬಿಸಿ547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಒಂದು ಮಳೆಗಾಲ ನಾನು ಒಂದರ ಜಾಗಕ್ಕೆ ಇನ್ನೊಂದನ್ನು ಹಾಗೇ ತುರುಕಿದ್ದೆ. 9 ವೋಲ್ಟ್ ಬ್ಯಾಟರಿ. ತಮಾಷೆ ಅಂದರೆ, ಉಲ್ಟಾ ಹಾಕಿದ ಟ್ರಾನ್ಸಿಸ್ಟರ್ ಪೂರ್ತಿ ಸಾಯುವುದಿಲ್ಲ. ಗೇನ್ ತೀರಾ ಕೆಳಗಿಳಿದು ಹೇಗೋ ಕುಂಟುತ್ತದೆ. ಹಾಡು ಬಂತು, ಆದರೆ ಸಣ್ಣಗೆ, ಹರಕು ಹರಕಾಗಿ. ಎರಡು ದಿನ ಸುಮ್ನೆ ಕೆಪಾಸಿಟರ್ ಬದಲಿಸುತ್ತಾ ಕೂತೆ. ಎಮಿಟರಿನಲ್ಲಿ ಮೀಟರ್ ಇಟ್ಟಿದ್ದರೆ ಎರಡು ನಿಮಿಷದ ಕೆಲಸ.

2ಎಸ್‌ಕೆ170 ಒಳ್ಳೆಯ ಜೆಫೆಟ್ (ಒಳಬರುವ ಕಾಲು ಕರೆಂಟನ್ನೇ ಎಳೆಯದ ಜಾತಿಯ ಟ್ರಾನ್ಸಿಸ್ಟರ್; ಅದರ ಕಾಲುಗಳು ಗೇಟ್, ಸೋರ್ಸ್, ಡ್ರೇನ್), ಅದರಲ್ಲಿ ಎರಡು ಮಾತಿಲ್ಲ. ಆದರೆ ತೊಷಿಬಾ ಅದನ್ನು ನಿಲ್ಲಿಸಿ ವರ್ಷಗಳಾದವು. ಈಗ ಅಗ್ಗಕ್ಕೆ ಬರುವುದರಲ್ಲಿ ನಕಲಿಯೇ ಜಾಸ್ತಿ. ನಾನೂ ಒಮ್ಮೆ ಮೋಸ ಹೋದವನೇ. ಪರೀಕ್ಷೆ ಸುಲಭ. ಗೇಟ್ ಮತ್ತು ಸೋರ್ಸ್ ಸೇರಿಸಿ ಬ್ಯಾಟರಿ ಮೈನಸ್‌ಗೆ, ಡ್ರೇನ್ ಮಿಲಿಆಂಪ್ ಮೀಟರಿನ ಮೂಲಕ ಪ್ಲಸ್‌ಗೆ. ಬಿಎಲ್ ಗುಂಪಿನದ್ದು 6ರಿಂದ 12 ಮಿಲಿಆಂಪ್ ತೋರಿಸಬೇಕು. ನನ್ನದು 2 ಕೂಡ ದಾಟಲಿಲ್ಲ.

ಜೆಫೆಟ್ ನಿಜಕ್ಕೂ ಬೇಕಾಗುವುದು ಬೇರೆ ಕಡೆ. ಮದ್ದಳೆಗೆ ಪೀಜೋ ಬಿಲ್ಲೆ (ಅದುರಿದರೆ ವೋಲ್ಟೇಜ್ ಕೊಡುವ ತೆಳು ತಟ್ಟೆ) ಅಂಟಿಸಿ ರೆಕಾರ್ಡ್ ಮಾಡುತ್ತೀರಿ ಅಂತಿಟ್ಟುಕೊಳ್ಳಿ. 20 ನ್ಯಾನೋಫ್ಯಾರಡ್ ಬಿಲ್ಲೆಯನ್ನು 10 ಕೆ ಇನ್‌ಪುಟ್‌ಗೆ ಕೊಟ್ಟರೆ 800 ಹರ್ಟ್ಸ್‌ನ ಕೆಳಗೆಲ್ಲ ಸೊರಗುತ್ತದೆ, ಮದ್ದಳೆ ಡಬ್ಬದ ಹಾಗೆ ಕೇಳುತ್ತದೆ. 1 ಮೆಗ್ ಕೊಟ್ಟರೆ 8 ಹರ್ಟ್ಸ್‌ವರೆಗೂ ಬರುತ್ತದೆ. ಅಲ್ಲಿಗೆ ಜೆ113 ಸಾಕು: ಗೇಟ್‌ಗೆ ಅರ್ಧ ಸಪ್ಲೈಯಿಂದ 1 ಮೆಗ್, ಸೋರ್ಸ್‌ಗೆ 4.7 ಕೆ. ಆದರೆ ಜೆ201 ಬೇಡ, ಅದು ಹೆಚ್ಚೆಂದರೆ 1 ಮಿಲಿಆಂಪ್ ಕೊಡುವ ಜಾತಿ. ಇಲ್ಲಿ ಬೇಕಾದದ್ದು ಒಂದೂವರೆ.

ಇನ್ನೊಂದು, ಆಟಿ ತಿಂಗಳ ತೇವ. 220 ಕೆ ಬೋರ್ಡಿಗೆ ಅದು ಅಷ್ಟಾಗಿ ತಟ್ಟುವುದಿಲ್ಲ. 1 ಮೆಗ್ ಗೇಟಿಗೆ ತಟ್ಟುತ್ತದೆ. ಸಾಲ್ಡರ್ ಫ್ಲಕ್ಸ್ ಉಳಿದಲ್ಲಿ ನೀರಿನ ಪಸೆ ಕೂತು ಕರೆಂಟ್ ಸೋರಿ ಬಯಾಸ್ ಅತ್ತಿತ್ತ ಆಗುತ್ತದೆ, ಬರಬರ ಸದ್ದು ಶುರುವಾಗುತ್ತದೆ. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬ್ರಷ್ ಹಾಕಿ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ವಾರ್ನಿಷ್ ಹೊಡೆಯಿರಿ. ಅಡಿಕೆ ಒಣಗಿಸಲು ಬಿಸಿಲು ಕಾಯುವವರಿಗೆ ಇದೇನು ಹೊಸ ಪಾಡಲ್ಲ.