ಪದ ಪರಿಚಯ: ಮುಸುಕಿನ ಗುದ್ದಾಟ

ಶಿರಸಿ ಸೀಮೆಯ ಮಳೆಗಾಲದಲ್ಲಿ ಒಂದೇ ಕಂಬಳಿಯೊಳಗೆ ಮಲಗಿ ಬೆಳೆದ ಅಣ್ಣ ತಮ್ಮಂದಿರಿಗೆ ಈ ನುಡಿಗಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನಿಂದ ನೋಡಿದವರಿಗೆ ಕಾಣುವುದು ತಲೆಯವರೆಗೆ ಮುಸುಕೆಳೆದು ಮಲಗಿದ ಎರಡು ಮಕ್ಕಳು ಮಾತ್ರ. ಆದರೆ ಕಂಬಳಿ ಆಗಾಗ ಒಂದು ಕಡೆ ಉಬ್ಬುತ್ತದೆ, ಇನ್ನೊಂದು ಕಡೆ ತಗ್ಗುತ್ತದೆ. ಅಡುಗೆಮನೆಯಿಂದ ಅಮ್ಮ ಕೇಳಿದರೆ ಒಳಗಿನಿಂದ ಇಬ್ಬರೂ ಒಂದೇ ದನಿಯಲ್ಲಿ “ಎಂತದೂ ಇಲ್ಲೆ” ಎನ್ನುತ್ತಾರೆ. ಆ ಒಂದೇ ದನಿಯ ಉತ್ತರವೂ ಗುದ್ದಾಟದ ಭಾಗವೇ ಆಗಿದೆ. ಪೆಟ್ಟು ಕೊಟ್ಟವನಿಗೂ ತಿಂದವನಿಗೂ ಕಂಬಳಿ ಸರಿಯುವುದು ಬೇಕಾಗಿಲ್ಲ.

‘ಮುಸುಕು’ ಎಂದರೆ ಮರೆಮಾಡುವ ಹೊದಿಕೆ. ಮೋಡ ಮುಸುಕುತ್ತದೆ ಎನ್ನುವಾಗ ಅದು ಕ್ರಿಯಾಪದವೂ ಹೌದು. ಸಿಪ್ಪೆಯೊಳಗೆ ತೆನೆಯನ್ನು ಅಡಗಿಸಿಟ್ಟುಕೊಂಡ ಜೋಳವನ್ನು ನಾವು ಮುಸುಕಿನ ಜೋಳ ಎಂದು ಕರೆಯುತ್ತೇವೆ. ‘ಗುದ್ದು’ ಎಂದರೆ ಮುಷ್ಟಿಯ ಪೆಟ್ಟು. ಒಬ್ಬ ಗುದ್ದಿ ಇನ್ನೊಬ್ಬ ಸುಮ್ಮನಿದ್ದರೆ ಅದು ಗುದ್ದು ಮಾತ್ರ. ಇಬ್ಬರೂ ಕೈ ಮಾಡಿದಾಗ, ಹೊಡೆದಾಟ, ಕಿತ್ತಾಟ, ಬಡಿದಾಟಗಳ ಹಾಗೆ, ಅದು ಗುದ್ದಾಟವಾಗುತ್ತದೆ. ನುಡಿಗಟ್ಟಿನ ಭಾರವೆಲ್ಲ ಗುದ್ದಾಟದ ಮೇಲಿದೆ ಎಂದು ಹಲವರು ತಿಳಿಯುತ್ತಾರೆ. ನನ್ನ ಮಟ್ಟಿಗೆ ಭಾರವಿರುವುದು ಮುಸುಕಿನ ಮೇಲೆ. ಒಂದೇ ಹೊದಿಕೆಯನ್ನು ಹಂಚಿಕೊಂಡವರ ನಡುವೆ ಮಾತ್ರ ಇಂಥ ಜಗಳ ಸಾಧ್ಯ. ಎದುರಾಳಿ ಪಕ್ಷಗಳ ನಾಯಕರಿಬ್ಬರು ಬೈದಾಡಿಕೊಂಡರೆ ಅದಕ್ಕೆ ಈ ಹೆಸರು ಒಪ್ಪುವುದಿಲ್ಲ. ಒಂದೇ ಪಕ್ಷದ, ಒಂದೇ ಮನೆತನದ, ಒಂದೇ ತಂಡದ ಇಬ್ಬರ ನಡುವಿನ ಮರೆಯ ಜಗಳಕ್ಕೆ ಒಪ್ಪುತ್ತದೆ.

ತಂಡದ ಆಟಗಳಲ್ಲಿ ಈ ಮಾತನ್ನು ಅರ್ಥಮಾಡಿಕೊಳ್ಳಲು ಬಾಸ್ಕೆಟ್‌ಬಾಲ್‌ಗಿಂತ ಒಳ್ಳೆಯ ಅಂಗಳವಿಲ್ಲ. ಕೆಲವು ವರ್ಷಗಳ ಹಿಂದೆ ಕಾರವಾರದ ಶಾಲೆಯೊಂದರ ಸಿಮೆಂಟ್ ಅಂಗಳದಲ್ಲಿ, ಕಡಲ ಗಾಳಿ ಬೀಸುತ್ತಿದ್ದ ಒಂದು ಸಂಜೆ, ಸೋಲುತ್ತಿದ್ದ ತಂಡವೊಂದರ ಇಬ್ಬರು ಅತ್ಯುತ್ತಮ ಆಟಗಾರರನ್ನು ನಾನು ನೋಡಿದ್ದೆ. ಎತ್ತರದ ಹುಡುಗ ಬುಟ್ಟಿಯ ಕೆಳಗೆ ಒಬ್ಬಂಟಿಯಾಗಿ ನಿಂತು ಬಲಗೈ ಎತ್ತಿದ್ದ. ಚೆಂಡು ಪುಟಿಸುತ್ತಿದ್ದವನ ಕಣ್ಣು ಆ ಕೈಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಅವನು ಚೆಂಡನ್ನು ಮೂಲೆಯಲ್ಲಿದ್ದ ಇನ್ನೊಬ್ಬನಿಗೆ ಕೊಟ್ಟ. ಎತ್ತಿದ ಕೈ ಮೆಲ್ಲನೆ ಕೆಳಗಿಳಿಯಿತು. ಮುಂದಿನ ಸಲ ಎದುರಾಳಿಗಳು ಚೆಂಡು ಹಿಡಿದು ನುಗ್ಗಿದಾಗ ಆ ಎತ್ತರದ ಹುಡುಗ ಹಿಂದಕ್ಕೆ ಓಡಲಿಲ್ಲ, ನಡೆದುಕೊಂಡು ಬಂದ. ಇಬ್ಬರೂ ಒಂದು ಮಾತನ್ನೂ ಆಡಲಿಲ್ಲ. ಪಕ್ಕದಲ್ಲಿದ್ದ ಪಾಲಕರೊಬ್ಬರು “ಪಾಪ, ಪಾಸ್ ಸಿಗಲಿಲ್ಲ” ಎಂದರು. ಎರಡು ಗುದ್ದು ಬಿದ್ದಿದ್ದವು, ಆದರೆ ಅವರಿಗೆ ಕಂಡದ್ದು ಕಂಬಳಿ ಮಾತ್ರ.

ಈ ಆಟದಲ್ಲಿ ಅಂಗಳದಲ್ಲಿರುವವರು ಪ್ರತಿ ತಂಡಕ್ಕೆ ಐದೇ ಜನ, ಚೆಂಡು ಒಂದೇ, ಬುಟ್ಟಿಗೆ ಎಸೆಯಲು ಇರುವ ಕಾಲ 24 ಸೆಕೆಂಡು. ಕ್ರಿಕೆಟ್‌ನಲ್ಲಿ ಪರಸ್ಪರ ಮಾತುಬಿಟ್ಟ ಇಬ್ಬರು ಬ್ಯಾಟುಗಾರರೂ ಒಂದು ಮಟ್ಟಿಗೆ ಓಟ ಗಳಿಸಬಹುದು. ಇಲ್ಲಿ ಹಾಗಲ್ಲ, ಕೊಡದ ಒಂದು ಪಾಸು, ತಡವಾಗಿ ಕೊಟ್ಟ ಒಂದು ಪಾಸು, ಜೊತೆಗಾರನಿಗೆ ದಾರಿಯಾಗಲೆಂದು ಎದುರಾಳಿಗೆ ಹಾಕದೆ ಬಿಟ್ಟ ಒಂದು ಅಡ್ಡಗಟ್ಟು, ಇವೇ ಮುಷ್ಟಿಗಳಾಗುತ್ತವೆ. ಅಂಕಪಟ್ಟಿ ಇವನ್ನು ಬರೆದಿಡುವುದಿಲ್ಲ. ಕೇಳಿದರೆ “ಅವನು ಖಾಲಿ ಇದ್ದದ್ದು ಕಾಣಲಿಲ್ಲ” ಎಂದರೆ ಮುಗಿಯಿತು.

ವೃತ್ತಿಪರ ಆಟದಿಂದ ಉದಾಹರಣೆ ಬೇಕೆಂದರೆ ನಾನು ಮೊದಲು ನೆನೆಯುವುದು ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡಲ್ಲಾಸ್ ಮ್ಯಾವರಿಕ್ಸ್ ತಂಡವನ್ನು. 1992-93ರ ಋತುವಿನಲ್ಲಿ 82 ಪಂದ್ಯಗಳಲ್ಲಿ 11ನ್ನು, ಮರುವರ್ಷ 13ನ್ನು ಮಾತ್ರ ಗೆದ್ದಿದ್ದ ಆ ತಂಡಕ್ಕೆ ಜಿಮ್ ಜಾಕ್ಸನ್, ಜಮಾಲ್ ಮ್ಯಾಶ್‌ಬರ್ನ್, ಜೇಸನ್ ಕಿಡ್ ಎಂಬ ಮೂವರು ಯುವ ತಾರೆಯರು ಒಬ್ಬರ ಹಿಂದೆ ಒಬ್ಬರು ಬಂದರು. 1994-95ರಲ್ಲಿ ಜಾಕ್ಸನ್ ಮತ್ತು ಮ್ಯಾಶ್‌ಬರ್ನ್ ಇಬ್ಬರೂ ಪಂದ್ಯಕ್ಕೆ ಸರಾಸರಿ 24ಕ್ಕಿಂತ ಹೆಚ್ಚು ಅಂಕ ಗಳಿಸಿದರು, ಚೆಂಡು ಹಂಚುವ ಕಿಡ್ ವರ್ಷದ ಶ್ರೇಷ್ಠ ಹೊಸಬನ ಪ್ರಶಸ್ತಿಯನ್ನು ಗ್ರಾಂಟ್ ಹಿಲ್ ಜೊತೆ ಹಂಚಿಕೊಂಡ, ತಂಡದ ಗೆಲುವು 36ಕ್ಕೆ ಏರಿತು. ಚೆಂಡು ಯಾರ ಕೈಯಲ್ಲಿರಬೇಕು, ತಂಡ ಯಾರದು ಎಂಬ ಹಟ ಹುಟ್ಟಿಕೊಂಡದ್ದು ಆಮೇಲೆ. ಕಿಡ್ ಮತ್ತು ಜಾಕ್ಸನ್ ಪರಸ್ಪರ ಮಾತನ್ನೇ ನಿಲ್ಲಿಸಿದ್ದಾರೆಂದು ಪತ್ರಿಕೆಗಳು ಬರೆದವು. 1995-96ರಲ್ಲಿ ಗೆಲುವು 26ಕ್ಕೆ ಇಳಿಯಿತು. ಮ್ಯಾಶ್‌ಬರ್ನ್ ಗಾಯಗೊಂಡು ಆ ಋತುವಿನ ಬಹುಪಾಲು ಆಡಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಸೋಲಿನ ಹೊರೆಯನ್ನೆಲ್ಲ ಜಗಳದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ 1996ರ ಡಿಸೆಂಬರಿನಲ್ಲಿ ಕಿಡ್‌ನನ್ನು, 1997ರ ಫೆಬ್ರವರಿಯಲ್ಲಿ ಉಳಿದಿಬ್ಬರನ್ನು ಬೇರೆ ತಂಡಗಳಿಗೆ ಕಳಿಸಿದ ಮೇಲೆ ಆ ಮೂವರ ಕಾಲ ಮುಗಿಯಿತು. ಒಟ್ಟಿಗೆ ಇದ್ದಾಗ ಒಂದು ಸಲವೂ ಅವರು ಪ್ರಶಸ್ತಿಗಾಗಿ ನಡೆಯುವ ಕೊನೆಯ ಹಂತವಾದ ಪ್ಲೇಆಫ್ ಮುಟ್ಟಲಿಲ್ಲ.

ಇದೇ ಸಾಲಿನಲ್ಲಿ ಶಕೀಲ್ ಓ’ನೀಲ್ ಮತ್ತು ಕೋಬಿ ಬ್ರಯಂಟ್ ಅವರ ಹೆಸರನ್ನೂ ಕ್ರೀಡಾಪುಟಗಳು ಎತ್ತುತ್ತವೆ. ಅಲ್ಲಿ ಈ ಪದ ಪೂರ್ತಿ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಈ ಇಬ್ಬರು ಪತ್ರಕರ್ತರ ಮುಂದೆಯೇ ಒಬ್ಬರನ್ನೊಬ್ಬರು ಟೀಕಿಸಿದವರು, ಹಾಗಿದ್ದೂ 2000, 2001, 2002ರಲ್ಲಿ ಸತತವಾಗಿ ಪ್ರಶಸ್ತಿ ಗೆದ್ದವರು. ಅಲ್ಲಿ ಮುಸುಕು ಬಹಳ ಬೇಗ ಸರಿದಿತ್ತು. ಅದನ್ನು ಬಹಿರಂಗ ಜಗಳ ಎನ್ನಬೇಕು, ಇಲ್ಲವೇ ಜಿದ್ದಾಜಿದ್ದಿ ಎನ್ನಬೇಕು. ‘ಒಳಜಗಳ’ ಇನ್ನೂ ವಿಶಾಲವಾದ ಪದ. ಅದು ಗುಟ್ಟಾಗಿಯೂ ಇರಬಹುದು, ಬೀದಿಗೆ ಬಂದೂ ಇರಬಹುದು.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇದಕ್ಕಿಂತ ಹತ್ತಿರದ ನಿದರ್ಶನ, ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಸಿಗುತ್ತದೆ. ಕರ್ಣಪರ್ವದಲ್ಲಿ ಕರ್ಣ ಮತ್ತು ಶಲ್ಯ ಇಬ್ಬರೂ ಕೌರವನ ಕಡೆಯವರು, ಒಂದೇ ರಥದಲ್ಲಿ ಕುಳಿತವರು. ಆದರೆ ಕರ್ಣನ ಧೈರ್ಯವನ್ನು ಕುಂದಿಸುತ್ತೇನೆಂದು ಶಲ್ಯ ಮೊದಲೇ ಧರ್ಮರಾಯನಿಗೆ ಮಾತು ಕೊಟ್ಟಿರುತ್ತಾನೆ. ಸಾರಥಿಯ ಬುದ್ಧಿಮಾತಿನಂತೆ ಕೇಳುವ ಒಂದೊಂದು ನುಡಿಯೂ ಕರ್ಣನಿಗೆ ಬೀಳುವ ಗುದ್ದಾಗಿರುತ್ತದೆ. ಕರ್ಣನೂ ವಿನಯ ಬಿಡದಂತೆ ನಟಿಸುತ್ತ ಶಲ್ಯನ ಹುಟ್ಟು, ನಾಡುಗಳನ್ನು ಹೀಗಳೆಯುತ್ತಾನೆ. ಪಾತ್ರದ ಮಾತಾಡುವ ಒಳ್ಳೆಯ ಅರ್ಥಧಾರಿಗಳಿಬ್ಬರು ಕುಳಿತರೆ, ದನಿ ಏರಿಸದೆ ಇಡೀ ಪ್ರಸಂಗವನ್ನು ಈ ಹೊದಿಕೆಯೊಳಗೇ ನಡೆಸುತ್ತಾರೆ.

ಬಳಕೆಯಲ್ಲಿ ಮುಸುಕಿನ ಗುದ್ದಾಟ ‘ನಡೆಯುತ್ತದೆ’, ‘ಮುಂದುವರಿಯುತ್ತದೆ’, ಕೊನೆಗೆ ‘ಬಯಲಿಗೆ ಬರುತ್ತದೆ’. ಬಯಲಿಗೆ ಬಂದ ಮೇಲೂ ವಾರಗಟ್ಟಲೆ ಅದೇ ಹೆಸರಿನಿಂದ ಕರೆಯುವುದು ಇತ್ತೀಚಿನ ಸುದ್ದಿಬರಹದ ರೂಢಿಯಾಗಿದೆ. ಅದನ್ನು ಬಿಡುವುದು ಒಳ್ಳೆಯದು. ಅದೇ ಕರ್ಣಪರ್ವದಲ್ಲಿ, ಕರ್ಣ ಹೂಡಿದ ಸರ್ಪಾಸ್ತ್ರದ ಗುರಿಯ ವಿಷಯಕ್ಕೆ ಮಾತು ಮುರಿದು ಶಲ್ಯ ರಥವಿಳಿದು ನಡೆದ ಮೇಲೆ, ಅಲ್ಲಿ ಉಳಿದದ್ದು ಬರಿಯ ಜಗಳ.