ಕೆಳಕ್ಕೆ ಹೋದಂತೆ ದಪ್ಪಗಾಗುವ ಕಬ್ಬಿಣ

ಹಳೆಯ ಲೋಹದ ಸಾಮಾನುಗಳ ತುಕ್ಕು ತಡೆದು ಉಳಿಸಿಕೊಡುವುದು ನನ್ನ ಕೆಲಸ. ಹೋದ ತಿಂಗಳು ಮಂಡ್ಯದ ಹುಡುಗನೊಬ್ಬ ಮೈಸೂರಿಗೆ ನನ್ನನ್ನು ಹುಡುಕಿಕೊಂಡು ಬಂದ. ಬ್ಯಾಗಿನಿಂದ ಪೇಪರ್ ಸುತ್ತಿದ ಕಬ್ಬಿಣದ ತುಂಡು ತೆಗೆದು ಮೇಜಿನ ಮೇಲಿಟ್ಟ. ಪಾಂಡವಪುರದ ಕಡೆ ಬೆಟ್ಟ ಹತ್ತುವಾಗ ಬಂಡೆ ಸಂದಿಯಲ್ಲಿ ಸಿಕ್ಕಿತಂತೆ. "ಸಾರ್, ಇದು ಟಿಪ್ಪು ಕಾಲದ ರಾಕೆಟ್ಟಿನದು ಅಲ್ವಾ?"

ನಮ್ಮ ಕಡೆ ಮಣ್ಣಲ್ಲಿ ಸಿಕ್ಕ ಕಬ್ಬಿಣವೆಲ್ಲ ಟಿಪ್ಪುದೇ. ಶ್ರೀರಂಗಪಟ್ಟಣ ಪಕ್ಕದಲ್ಲೇ ಇರುವಾಗ ಹುಡುಗನನ್ನು ಬೈಯುವಂತೆಯೂ ಇಲ್ಲ. ಆದರೆ ಮೈಸೂರು ರಾಕೆಟ್ ಅಂದರೆ ಪೊಳ್ಳು ಕೊಳವೆ, ಒಳಗೆ ಮದ್ದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಜಾಸ್ತಿ ಸಿಕ್ಕವಲ್ಲ, ಅವು ಅಂಥವು. ಇವನು ತಂದದ್ದು ಗಟ್ಟಿ ತುಂಡು. ಒಂದು ಚೋಟುದ್ದ. ಒಂದು ಮೈ ಚಪ್ಪಟೆ, ಇನ್ನೊಂದು ಮೈ ಅರ್ಧ ದುಂಡು. ಮೇಲಿನ ತುದಿ ಕಿವಿಯ ಹಾಗೆ ಹೊರಕ್ಕೆ ಬಾಗಿತ್ತು.

ಆ ಬಾಗಿದ ತುದಿ ನೋಡಿ ನಾನೂ ಮೋಸಹೋದೆ. "ಗಾಡಿಯ ಕಡಾಣಿ ಕಣಪ್ಪಾ" ಅಂದುಬಿಟ್ಟೆ. ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹಾಕುತ್ತಾರಲ್ಲ, ಆ ಕೀಲು. ಹೇಳಿದ ಮೇಲೆ ನನಗೇ ನಗು ಬಂತು. ಮನುಷ್ಯ ಕೈಯೂರಿ ಹತ್ತುವ ಬಂಡೆಗೆ ಎತ್ತಿನ ಗಾಡಿ ಹೋಗುತ್ತದಾ? ಕಡಾಣಿಯಾದರೆ ಚಕ್ರ ಉಜ್ಜಿ ಉಜ್ಜಿ ಒಂದು ಮಗ್ಗುಲು ಸವೆದಿರಬೇಕಿತ್ತು. ಅದೂ ಇರಲಿಲ್ಲ.

ಗುರುತು ಸಿಗದ ಹತಾರ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಏಟು ಬಿದ್ದ ಜಾಗವನ್ನು. ಉಳಿಯ ತಲೆ ಸುತ್ತಿಗೆ ಏಟು ತಿಂದು ತಿಂದು ಅಣಬೆಯಂತೆ ಹರಡಿಕೊಳ್ಳುತ್ತದೆ. ಗುದ್ದಲಿ, ಕೊಡಲಿಯಾದರೆ ಕಾವು ಸಿಕ್ಕಿಸುವ ತೂತಿರುತ್ತದೆ. ಇದಕ್ಕೆ ಎರಡೂ ಇಲ್ಲ. ಅದಕ್ಕಿಂತ ವಿಚಿತ್ರ ಅಂದರೆ, ಹೊಡೆದು ಇಳಿಸುವ ಯಾವ ಹತಾರವೂ ಕೆಳಕ್ಕೆ ಹೋದಂತೆ ತೆಳ್ಳಗಾಗಬೇಕು. ಇದು ಕೆಳಕ್ಕೆ ಹೋದಂತೆ ದಪ್ಪಗಾಗುತ್ತಿತ್ತು! ಅಂದರೆ ಇದನ್ನು ಯಾರೂ ಹೊಡೆದಿಲ್ಲ. ಇದರ ಪಕ್ಕದಲ್ಲಿ ಇನ್ನೇನನ್ನೋ ಹೊಡೆದಿದ್ದಾರೆ. ಚಪ್ಪಟೆ ಮೈ ಮೇಲೆ ಬೆರಳಾಡಿಸಿದರೆ ಉದ್ದಕ್ಕೆ ಸಣ್ಣ ಗೀರುಗಳು. ಏನೋ ಜಾರಿಕೊಂಡು ಇಳಿದ ಗುರುತು.

ಕಲ್ಲು ಸೀಳುವ ಬೆಣೆಯ ಜೊತೆಗಾರ ಇದು. ಬಂಡೆಯಲ್ಲಿ ಒಂದೇ ಸಾಲಿಗೆ ದುಂಡು ಕುಳಿಗಳನ್ನು ಹೊಡೆಯುತ್ತಾರೆ. ಪ್ರತಿ ಕುಳಿಗೂ ಇಂಥ ಎರಡು ತುಂಡು, ಚಪ್ಪಟೆ ಮೈಗಳು ಎದುರುಬದುರಾಗಿ. ಒಳಕ್ಕೆ ಬಿದ್ದುಹೋಗದಂತೆ ಕಿವಿ ಕುಳಿಯ ಬಾಯಿಗೆ ಆತುಕೊಳ್ಳುತ್ತದೆ. ನಡುವೆ ಬೆಣೆ. ಬೆಣೆ ಕೆಳಗೆ ತೆಳು, ಇವು ಕೆಳಗೆ ದಪ್ಪ. ಹೀಗಾಗಿ ಮೂರೂ ಸೇರಿ ಕುಳಿಯ ಗೋಡೆಯನ್ನು ಮೇಲಿನಿಂದ ತಳದವರೆಗೂ ಒಂದೇ ಸಮ ಒತ್ತುತ್ತವೆ. ಆಮೇಲೆ ಸಾಲಿನ ಈ ತುದಿಯಿಂದ ಆ ತುದಿಗೆ ಒಂದೊಂದೇ ಏಟು, ಮತ್ತೆ ಮೊದಲಿನಿಂದ. ಬೆಣೆ ಬಿಗಿಯಾದಂತೆ ಏಟಿನ ಸದ್ದೂ ಬದಲಾಗುತ್ತದೆ. ಕಲ್ಲನ್ನು ಎಷ್ಟು ಅದುಮಿದರೂ ತಡೆದುಕೊಳ್ಳುತ್ತದೆ, ಎರಡು ಕಡೆಗೆ ಎಳೆದರೆ ಮಾತ್ರ ಬೇಗ ಸೋಲುತ್ತದೆ. ಸಾಲು ಹಿಡಿದು ಬಿರಿಯುತ್ತದೆ.

"ಹಾಗಾದರೆ ದೇವಸ್ಥಾನ ಕಟ್ಟಿದ ಕಾಲದ್ದಾ ಸಾರ್?" ಹುಡುಗ ಆಸೆ ಬಿಡಲಿಲ್ಲ. ಹಂಪಿಯ ಬಂಡೆಗಳಲ್ಲಿ ಕಾಣುವ ಹಳೆಯ ಗುರುತುಗಳು ಚೌಕ ಗುಳಿಗಳು, ಉಳಿಯಿಂದ ತೋಡಿದವು. ಒಣ ಮರದ ಬೆಣೆ ಹಾಕಿ ನೀರು ಸುರಿದು ಸೀಳುತ್ತಿದ್ದರು ಅಂತ ಗೈಡುಗಳು ಹೇಳುತ್ತಾರೆ. ನಮ್ಮ ಗಟ್ಟಿ ಕಲ್ಲಿಗೆ ಕಬ್ಬಿಣದ ಬೆಣೆಯೇ ಸರಿ ಅನ್ನುವುದು ನನ್ನ ಲೆಕ್ಕ. ದುಂಡು ಕುಳಿ, ಅರ್ಧ ದುಂಡಿನ ತುಂಡು ಇವೆಲ್ಲ ಈಚಿನವು.

ಕಬ್ಬಿಣವೂ ಅದನ್ನೇ ಹೇಳುತ್ತಿತ್ತು. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಬುಕಾನನ್ ಮೈಸೂರು ಸೀಮೆ ಸುತ್ತಿದಾಗ ಇಲ್ಲಿ ಕಬ್ಬಿಣ ಕಾಯಿಸುವ ಒಲೆಗಳನ್ನು ಕಂಡು ಬರೆದಿದ್ದಾನೆ. ಆ ಒಲೆಗಳಲ್ಲಿ ಕಬ್ಬಿಣ ಪೂರ್ತಿ ಕರಗುತ್ತಿರಲಿಲ್ಲ, ಅದಿರಿನ ಕಲ್ಮಶವಾದ ಕಿಟ್ಟ ಎಳೆ ಎಳೆಯಾಗಿ ಒಳಗೇ ಉಳಿಯುತ್ತಿತ್ತು. ಅಂಥದ್ದು ತುಕ್ಕು ಹಿಡಿದಾಗ ಹಳೇ ಮರದ ನಾರಿನ ಹಾಗೆ ಕಾಣುತ್ತದೆ. ಇದರಲ್ಲಿ ನಾರಿಲ್ಲ, ಸಮನಾದ ಚುಕ್ಕಿ ಚುಕ್ಕಿ ತುಕ್ಕು. ಕಾರ್ಖಾನೆಯ ಉಕ್ಕು.

ಇಷ್ಟು ಹೇಳಲು ಇನ್ನೂ ಸುಲಭವಾಗುತ್ತಿತ್ತು, ಹುಡುಗ ಅರ್ಧ ತುಂಡನ್ನು ಉಪ್ಪು ಕಾಗದದಲ್ಲಿ ಉಜ್ಜಿ ಹುಣಸೆಹಣ್ಣು ಹಚ್ಚಿರದಿದ್ದರೆ. ದಯವಿಟ್ಟು ಉಜ್ಜಬೇಡಿ. ತುಕ್ಕಿನ ಜೊತೆ ಗೀರೂ ಹೋಗುತ್ತದೆ, ಗೀರಿನ ಜೊತೆ ಕಥೆಯೂ. ಸಿಕ್ಕ ಜಾಗದಲ್ಲೇ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಸುತ್ತಲ ಬಂಡೆಯದೂ ಇರಲಿ. ಮಣ್ಣಿನಡಿ ಹೂತದ್ದು, ಬೆಲೆಬಾಳುವಂಥದ್ದು ಕಂಡರೆ ಅಗೆಯಲು ಹೋಗಬೇಡಿ. ನಿಧಿ ಕಾಯ್ದೆಯ ಪ್ರಕಾರ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು.

ಇನ್ನೊಂದು ಮಾತು, ಇದು ತಮಾಷೆಯಲ್ಲ. ಹಳೇ ಕ್ವಾರಿ ಹತ್ತಿರ ಬೆರಳುದ್ದದ ತಾಮ್ರದ ಅಥವಾ ಅಲ್ಯೂಮಿನಿಯಂ ಕೊಳವೆ ಬಿದ್ದಿದ್ದರೆ, ಅದಕ್ಕೆ ವೈರ್ ಇರಲಿ ಬಿಡಲಿ, ಮುಟ್ಟಬೇಡಿ. ಸಿಡಿಯದೆ ಉಳಿದ ಡಿಟೋನೇಟರ್ ಇರಬಹುದು. ದೂರ ಸರಿದು ಪೊಲೀಸರಿಗೆ ಫೋನ್ ಮಾಡಿ.

ಮುಂದಿನ ಭಾನುವಾರ ಹುಡುಗ ಮತ್ತೆ ಬೆಟ್ಟಕ್ಕೆ ಹೋಗಿದ್ದ. ವಾಟ್ಸಾಪಿನಲ್ಲಿ ಫೋಟೋ ಬಂತು. ಸೀಳಿದ ಬಂಡೆಯ ಮೈ ಮೇಲೆ ಗೇಣಿಗೊಂದರಂತೆ ಐದು ಅರ್ಧ ಕುಳಿಗಳು. ಒಂದರಲ್ಲಿ ತನ್ನ ತುಂಡನ್ನು ಕೂರಿಸಿ ಹೆಬ್ಬೆರಳಲ್ಲಿ ಹಿಡಿದಿದ್ದ. ಕೂದಲೆಳೆಯಷ್ಟೂ ಜಾಗ ಬಿಡದೆ ಕೂತಿತ್ತು. ಕೆಳಗೆ ಒಂದು ಸಾಲು: "ಸಾರ್, ಇದರ ಜೋಡಿ ಎಲ್ಲಿರಬಹುದು?"