ಶಾಲು ಹೊದಿಸಿದಿರಿ, ಬೈಲಾ ಕೊಟ್ಟಿರಾ?

ಚುನಾವಣೆ ಮುಗಿದರೆ ನಮ್ಮ ಗದಗ, ಧಾರವಾಡದ ಕಡೆ ಸಹಕಾರ ಸಂಘಗಳಲ್ಲಿ ಹೊಸ ನಿರ್ದೇಶಕರ ಸತ್ಕಾರ ಜೋರಾಗಿಯೇ ಆಗುತ್ತದೆ. ಹಾರ, ಶಾಲು, ಗುಲಾಲು, ಫೋಟೊ, ಆಮೇಲೆ ಮಿರ್ಚಿ, ಚಹಾ. ಇದಕ್ಕೆ ನನ್ನ ತಕರಾರಿಲ್ಲ, ಮಿರ್ಚಿ ನಾನೂ ತಿನ್ನುತ್ತೇನೆ. ಆದರೆ ಐದು ವರ್ಷ ಸಂಘ ನಡೆಸಬೇಕಾದವರ ಕೈಗೆ ಬೈಲಾದ, ಅಂದರೆ ಸಂಘದ ನಿಯಮಾವಳಿಯ, ಒಂದು ಪ್ರತಿಯನ್ನೂ ಯಾರೂ ಕೊಟ್ಟಿರುವುದಿಲ್ಲ.

ನಾನು ಸಂಘಗಳ ಆಡಿಟ್ ಮಾಡುವವನು. ಸಾಲ ಕೊಡುವ ಪತ್ತಿನ ಸಂಘಗಳೇ ಜಾಸ್ತಿ. ಅಪರೂಪಕ್ಕೆ ಓದುಗರು ಷೇರು ಹಾಕಿ ಕಟ್ಟಿಕೊಂಡ ಗ್ರಂಥಾಲಯ ಸಂಘವೂ ಬರುತ್ತದೆ. ಅಲ್ಲಿಗೆ ಆರಿಸಿ ಬರುವವರು ಒಳ್ಳೆಯ ಜನ, ಪುಸ್ತಕದ ಹುಚ್ಚಿನವರು. ಅದಕ್ಕೇ ಅವರಿಗೆ ಗಟ್ಟಿಯಾಗಿ ಹೇಳಲು ಯಾರಿಗೂ ಮನಸ್ಸಾಗುವುದಿಲ್ಲ.

ಅಂಥ ಒಂದು ಸಂಘದಲ್ಲಿ ವೋಚರ್ ಫೈಲು ತಿರುವುತ್ತಿದ್ದೆ. ಒಂದೇ ಕವನ ಸಂಕಲನದ ನಲವತ್ತು ಪ್ರತಿಗೆ ಬಿಲ್ಲು. ಠರಾವಿನ (ಸಭೆಯ ನಿರ್ಣಯದ) ನಂಬರ್ ಇರಬೇಕಾದ ಜಾಗದಲ್ಲಿ ಗ್ರಂಥಪಾಲಕಿ ಸಣ್ಣ ಅಕ್ಷರದಲ್ಲಿ ಬರೆದಿದ್ದರು: ‘ಮಾನ್ಯ ನಿರ್ದೇಶಕರ ಮೌಖಿಕ ಸೂಚನೆ ಮೇರೆಗೆ’. ಯಾವ ನಿರ್ದೇಶಕರಮ್ಮಾ ಎಂದರೆ ಸುಮ್ನೆ ಗೋಡೆಯ ಮೇಲಿನ ಸತ್ಕಾರದ ಫೋಟೊ ನೋಡಿದರು. ಹೊಸದಾಗಿ ಆರಿಸಿ ಬಂದ ನಿವೃತ್ತ ಮಾಸ್ತರು. ಕವಿ ಅವರ ಶಿಷ್ಯ. ಅವರನ್ನೇ ಕೇಳಿದೆ.

“ಆರಿಸಿ ಬಂದೀನಲ್ರಿ ಸರ. ಒಂದ್ ಪುಸ್ತಕ ತರಸಾಕೂ ಮೀಟಿಂಗ್ ಕರೀಬೇಕೇನ್ರಿ?”

“ಒಂದಲ್ರೀ ಮಾಸ್ತರ, ನಲವತ್ತು.”

ನಕ್ಕರು. ಪಾಪ, ಅವರಿಗೆ ಯಾರೂ ಹೇಳಿರಲೇ ಇಲ್ಲ. ಮಂಡಳಿ ನಾಲ್ಕು ಪ್ರತಿಗೆ ಮಾತ್ರ ಘಟನೋತ್ತರ ಮಂಜೂರಾತಿ ಕೊಟ್ಟಿತು. ಉಳಿದವಕ್ಕೆ ಮಾಸ್ತರೇ ಕಿಸೆಯಿಂದ ಹಣ ಕಟ್ಟಿ ಶಾಲೆಗಳಿಗೆ ಹಂಚಿದರು. ಎಲ್ಲ ಕಡೆ ಇಷ್ಟು ಸಲೀಸಾಗಿ ಮುಗಿಯುತ್ತದೆ ಎಂದುಕೊಳ್ಳಬೇಡಿ.

ಮೀಟಿಂಗ್ ಕರೆಯಲೇಬೇಕು. ಅಧಿಕಾರ ಇರುವುದು ಆಡಳಿತ ಮಂಡಳಿಗೆ, ಬಿಡಿ ನಿರ್ದೇಶಕರಿಗಲ್ಲ. ನೋಟಿಸ್ ಹೋಗಿ, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ತುಂಬಿ, ವಿಷಯ ಚರ್ಚೆಯಾಗಿ, ಠರಾವು ಬರೆದರೆ ಅದು ಮಂಡಳಿಯ ಮಾತು. ಅದೇ ಜನ ಸಭೆ ಮುಗಿಸಿ ಹೊರಗಿನ ಕಟ್ಟೆಯ ಮೇಲೆ ಕೂತು ಒಂದೇ ದನಿಯಲ್ಲಿ ಹೇಳಿದರೂ ಅದು ಹರಟೆ. ಅಧ್ಯಕ್ಷರಿಗೂ ಕಾಯ್ದೆ, ಬೈಲಾ, ಠರಾವು ಕೊಟ್ಟಷ್ಟೇ ಅಧಿಕಾರ. ಕೌಂಟರಿನ ಮುಂದೆ ನಿಂತಾಗ ನಿರ್ದೇಶಕರೂ ಒಬ್ಬ ಸದಸ್ಯರು ಅಷ್ಟೆ: ಕಾರ್ಡ್ ತೋರಿಸಬೇಕು, ತಡವಾದರೆ ದಂಡ ಕಟ್ಟಬೇಕು. ‘ನಮ್ಮ ಹುಡುಗನಿಗೆ ಠೇವಣಿ ಇಲ್ಲದೆ ಪುಸ್ತಕ ಕೊಡು’, ‘ಆ ಹಳೇ ಕಪಾಟು ರದ್ದಿಗೆ ಹಾಕು’, ‘ನಾಳೆ ರಜೆ ತಗೋ, ನಾ ಹೇಳ್ತೀನಿ’... ಯಾವುದೂ ನಡೆಯಕೂಡದು. “ಫೋನಿನಾಗ ಎಲ್ಲಾರೂ ಹೂಂ ಅಂದಾರ್ರಿ” ಎನ್ನುತ್ತಾರೆ. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದರೂ ಅದು ಠರಾವಲ್ಲ. ತುರ್ತು ಕೆಲಸಕ್ಕೆ ಏನು ದಾರಿ ಎಂದು ನಿಮ್ಮ ಬೈಲಾ ನೋಡಿ. ಸಂಘದಿಂದ ಸಂಘಕ್ಕೆ ಬೇರೆ ಇರುತ್ತದೆ, ಅದನ್ನು ಓದದೆ ನಾನು ಇಲ್ಲಿಂದ ಹೇಳುವುದು ಸರಿಯಲ್ಲ.

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ್ದನ್ನು ಪ್ರತಿ ನವೆಂಬರಿನ ಸಹಕಾರ ಸಪ್ತಾಹದಲ್ಲಿ ಹೊಗಳುತ್ತೇವೆ. ಗೌಡರ ಬಾಯಿಮಾತಿಗೇ ಊರಿನಲ್ಲಿ ಕಿಮ್ಮತ್ತಿದ್ದ ಕಾಲ ಅದು. ಆದರೂ ಅವರಿಗೆ ನೋಂದಾಯಿಸಿದ ಸಂಘವೇ ಬೇಕಾಯಿತು. ಭಾಷಣದಲ್ಲಿ ಈ ಮಾತು ಮಾತ್ರ ಯಾಕೋ ಬರುವುದಿಲ್ಲ.

ಇನ್ನು ಸಭೆಗೆ ಬಾರದೆ, ಸಿಪಾಯಿ ಮನೆಗೆ ತಂದ ನಡಾವಳಿ ಪುಸ್ತಕಕ್ಕೆ (ಸಭೆಯ ಕಲಾಪ ಬರೆಯುವ ಪುಸ್ತಕಕ್ಕೆ) ಸಹಿ ಹಾಕುವವರು. ಓದುವುದಿಲ್ಲ. ಕೆಲವೊಮ್ಮೆ ಹಾಳೆಯೇ ಖಾಲಿ ಇರುತ್ತದೆ! ಸಹಿ ಹಾಕಿದ ಮೇಲೆ ‘ನಾ ಬಂದಿರಲಿಲ್ಲ’ ಎಂದರೆ ಯಾರು ಕೇಳುತ್ತಾರೆ? ಸಂಘಕ್ಕೆ ನಷ್ಟವಾದರೆ ಕಾರಣರಾದವರಿಂದ ವಸೂಲಿ ಮಾಡಲು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲಿ ಅವಕಾಶವಿದೆ. ಠರಾವು ಒಪ್ಪಿಗೆ ಇಲ್ಲವೆಂದರೆ ಸಭೆಗೆ ಬನ್ನಿ, ನಿಮ್ಮ ವಿರೋಧವನ್ನು ನಡಾವಳಿಯಲ್ಲಿ ಬರೆಸಿ.

ಕಾರ್ಯದರ್ಶಿಗಳೇ, ಮೊದಲ ಸಭೆಗೆ ವಾರ ಮುಂಚೆಯೇ ಹೊಸಬರಿಗೆ ಬೈಲಾ, ಹೋದ ವರ್ಷದ ಆಡಿಟ್ ವರದಿ, ಅದರ ಆಕ್ಷೇಪಣೆಗಳಿಗೆ ನೀವು ಕೊಟ್ಟ ಉತ್ತರ, ನಡಾವಳಿಯ ಜೆರಾಕ್ಸ್ ಮುಟ್ಟಿಸಿ. ಪುಸ್ತಕಗಳ ಎಣಿಕೆ ಕೊನೆಗೆ ಯಾವಾಗ ಆಯಿತು ಎಂದೂ ಬರೆದು ಕೊಡಿ. ಆಗಿಲ್ಲದಿದ್ದರೆ ಆಗಿಲ್ಲ ಎಂದೇ ಬರೆಯಿರಿ. ಓದುಗರ ಠೇವಣಿ ಎಷ್ಟಿದೆ ಎಂಬುದನ್ನಂತೂ ಬೇರೆ ಹಾಳೆಯಲ್ಲೇ ತೋರಿಸಿ. ಅದು ಸಂಘದ ಆದಾಯವಲ್ಲ, ಓದುಗರು ಕೇಳಿದ ದಿನ ವಾಪಸ್ ಕೊಡಬೇಕಾದ ಹಣ. ಹೊಸ ಮಂಡಳಿಯೊಂದು ಬ್ಯಾಂಕ್ ಬಾಕಿ ನೋಡಿ ಖುಷಿಯಾಗಿ ವಾಚನಾಲಯಕ್ಕೆ ಎಸಿ ಹಾಕಿಸಲು ಹೊರಟಿತ್ತು. ಅದರಲ್ಲಿ ಮುಕ್ಕಾಲು ಪಾಲು ಠೇವಣಿಯೇ ಇತ್ತು.